ಫುಲ್ಟನ್‌ನ ದತ್ತಿ ಉಪನ್ಯಾಸ

ಅಂತರರಾಷ್ಟ್ರೀಯ ವ್ಯವಹಾರಗಳನ್ನು ಕುರಿತು ಕಾಲೇಜುಗಳಲ್ಲಿ ಏರ್ಪಡುವ ಸಾರ್ವಜನಿಕ ಉಪನ್ಯಾಸಗಳನ್ನು ವಿದ್ಯಾರ್ಥಿಗಳ ಸಾಮಾನ್ಯ ಜ್ಞಾನವನ್ನು ಹೆಚ್ಚಿಸುವ ಕಾರ್ಯಕ್ರಮಗಳೆಂದು ಭಾವಿಸುವುದು ವಾಡಿಕೆಯಾಗಿದ್ದರೂ, ಎರಡನೆಯ ಮಹಾಯುದ್ಧದ ನಂತರದ ರಾಜತಾಂತ್ರಿಕ ಚರಿತ್ರೆಯನ್ನು ನೋಡಿದವರಿಗೆ, ಸರ್ಕಾರಗಳು ತಮ್ಮ ಬಾಯಿಂದ ಆಡಲು ಹಿಂಜರಿದ ಕೆಲವು ಮಾತುಗಳು ಮೊದಲು ಕೇಳಿಬಂದದ್ದು ಇಂಥ ವೇದಿಕೆಗಳಿಂದಲೇ ಎಂಬುದು ತಿಳಿದುಬರುತ್ತದೆ. ಮಂತ್ರಿಯೊಬ್ಬ ಶಾಸನಸಭೆಯಲ್ಲಿ ಆಡಿದ ಮಾತು ಆ ಗಳಿಗೆಯಿಂದಲೇ ಸರ್ಕಾರದ ನೀತಿಯಾಗುತ್ತದೆ, ಹಿಂತೆಗೆದುಕೊಂಡರೆ ಮುಖಭಂಗವಾಗುತ್ತದೆ. ರಾಯಭಾರಿ ಮುಚ್ಚಿದ ಕೋಣೆಯಲ್ಲಿ ಆಡಿದ ಮಾತು ಜನರ ಕಿವಿಗೆ ಬೀಳುವುದೇ ಇಲ್ಲ. ಕಾಲೇಜಿನ ಸಭಾಂಗಣದಲ್ಲಿ ಆಡಿದ ಮಾತು ಇವೆರಡರ ನಡುವೆ ನಿಲ್ಲುತ್ತದೆ: ಅದು ಬಹಿರಂಗವಾದದ್ದು, ಮರುದಿನದ ಪತ್ರಿಕೆಗಳಲ್ಲಿ ಅಚ್ಚಾಗುವಂಥದ್ದು, ಆದರೆ ಎದುರು ಕಡೆಯಿಂದ ಪ್ರತಿಕ್ರಿಯೆ ಬಿರುಸಾಗಿ ಬಂದರೆ ಅತಿಥಿಯ ಸ್ವಂತ ಅಭಿಪ್ರಾಯವೆಂದು ಹೇಳಿ ಕೈ ತೊಳೆದುಕೊಳ್ಳಲು ಅವಕಾಶವಿರುವಂಥದ್ದು. ಈ ಅನುಕೂಲವನ್ನು ಎದ್ದುಕಾಣುವಂತೆ ತೋರಿಸುವ ನಿದರ್ಶನವೆಂದರೆ ಅಮೆರಿಕದ ಮಿಸೌರಿ ರಾಜ್ಯದ ಫುಲ್ಟನ್ ಎಂಬ ಸಣ್ಣ ಪಟ್ಟಣದ ವೆಸ್ಟ್‌ಮಿನ್‌ಸ್ಟರ್ ಕಾಲೇಜಿನಲ್ಲಿ 1946ರ ಮಾರ್ಚ್ 5ರಂದು ವಿನ್‌ಸ್ಟನ್ ಚರ್ಚಿಲ್ ಮಾಡಿದ ಭಾಷಣ.

ಮಿಸೌರಿಯ ರಾಜಧಾನಿ ಜೆಫರ್ಸನ್ ಸಿಟಿಯಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿರುವ ಫುಲ್ಟನ್, ಕ್ಯಾಲವೇ ಕೌಂಟಿಯ ಆಡಳಿತ ಕೇಂದ್ರ. ಕೌಂಟಿ ಎಂದರೆ ಅಲ್ಲಿನ ರಾಜ್ಯಗಳ ಒಳಗಿನ ಆಡಳಿತ ವಿಭಾಗ. ಕುಲುಮೆಗಳಿಗೆ ಬೇಕಾಗುವ, ಶಾಖಕ್ಕೆ ಬಿರಿಯದ ಇಟ್ಟಿಗೆಗಳ ತಯಾರಿಕೆಗೂ ಹೊಗೆಯಲ್ಲಿ ಹದಮಾಡಿದ ಹಂದಿಮಾಂಸಕ್ಕೂ ಹೆಸರಾಗಿದ್ದ ಈ ಊರಿನಲ್ಲಿ ಪ್ರಾಟೆಸ್ಟಂಟ್ ಕ್ರೈಸ್ತರ ಒಂದು ಶಾಖೆಯಾದ ಪ್ರೆಸ್ಬಿಟೇರಿಯನ್ನರು 1851ರಲ್ಲಿ ಸ್ಥಾಪಿಸಿದ ಕಾಲೇಜು, 1946ರ ಹೊತ್ತಿಗೆ ಕೆಲವೇ ನೂರು ಗಂಡು ಹುಡುಗರು ಓದುತ್ತಿದ್ದ ವಸತಿ ಕಾಲೇಜಾಗಿತ್ತು. ಅದಕ್ಕೆ ಇದ್ದ ಒಂದು ವಿಶೇಷ ಆಸ್ತಿಯೆಂದರೆ ಗ್ರೀನ್ ಪ್ರತಿಷ್ಠಾನದ ದತ್ತಿ. 1884ರಲ್ಲಿ ಅದೇ ಕಾಲೇಜಿನಿಂದ ಪದವಿ ಪಡೆದು ಸೇಂಟ್ ಲೂಯಿಸ್ ನಗರದಲ್ಲಿ ವಕೀಲನಾಗಿದ್ದ ಜಾನ್ ಫಿಂಡ್ಲೆ ಗ್ರೀನ್ ಎಂಬಾತನ ನೆನಪಿಗಾಗಿ 1936ರಲ್ಲಿ ಇಟ್ಟ ಈ ನಿಧಿಯ ನಿಬಂಧನೆಗಳು ಎರಡು ಸಂಗತಿಗಳನ್ನು ಸ್ಪಷ್ಟಪಡಿಸಿದ್ದವು: ಉಪನ್ಯಾಸದ ವಸ್ತು ಅಂತರರಾಷ್ಟ್ರೀಯ ಮಹತ್ವವುಳ್ಳ ಆರ್ಥಿಕ, ಸಾಮಾಜಿಕ ಸಮಸ್ಯೆಗಳ ತಿಳಿವಳಿಕೆಗೆ ಸಂಬಂಧಿಸಿರಬೇಕು, ಮತ್ತು ಉಪನ್ಯಾಸಕ ಅಂತರರಾಷ್ಟ್ರೀಯ ಖ್ಯಾತಿಯವನಾಗಿರಬೇಕು. ದತ್ತಿ ಉಪನ್ಯಾಸ ಎಂಬುದು ಕನ್ನಡ ಓದುಗರಿಗೆ ಹೊಸದಲ್ಲ. ಸಾಹಿತ್ಯ ಪರಿಷತ್ತಿನಿಂದ ಹಿಡಿದು ತಾಲ್ಲೂಕು ಕೇಂದ್ರದ ಕಾಲೇಜುಗಳವರೆಗೆ ಅಗಲಿದವರ ಹೆಸರಿನಲ್ಲಿ ಇಟ್ಟ ಹಣದ ಬಡ್ಡಿಯಿಂದ ವರ್ಷಕ್ಕೊಮ್ಮೆ ನಡೆಯುವ, ಎಷ್ಟೋ ಸಲ ಮುಂದಿನ ಎರಡು ಸಾಲು ಮಾತ್ರ ತುಂಬುವ ಕಾರ್ಯಕ್ರಮ ಅದು. ಗ್ರೀನ್ ದತ್ತಿಯೂ ಸ್ವರೂಪದಲ್ಲಿ ಇದಕ್ಕಿಂತ ಭಿನ್ನವಾದುದಲ್ಲ, ಆದರೆ ಖ್ಯಾತಿಯ ಕುರಿತ ಆ ಎರಡನೆಯ ನಿಬಂಧನೆಯನ್ನು ಕಾಲೇಜು ಅಕ್ಷರಶಃ ತೆಗೆದುಕೊಂಡಿತು.

ಕಾಲೇಜಿನ ಮುಖ್ಯಸ್ಥನಾಗಿದ್ದ ಫ್ರಾಂಕ್ ಮೆಕ್ಲೂರ್ 1945ರ ಶರತ್ಕಾಲದಲ್ಲಿ ಚರ್ಚಿಲ್‌ನನ್ನು ಕರೆಸುವ ಆಲೋಚನೆ ಮಾಡಿದಾಗ ಅದು ಹೊರನೋಟಕ್ಕೆ ಅತಿಯಾದ ಆಸೆಯೇ ಆಗಿತ್ತು. ಅವನ ಕೈಯಲ್ಲಿದ್ದ ಒಂದೇ ಅನುಕೂಲವೆಂದರೆ ಅಧ್ಯಕ್ಷ ಹ್ಯಾರಿ ಟ್ರೂಮನ್‌ನ ಸೇನಾ ಸಹಾಯಕನಾಗಿದ್ದ ಹ್ಯಾರಿ ವಾನ್ ಇದೇ ಕಾಲೇಜಿನ ಹಳೆಯ ವಿದ್ಯಾರ್ಥಿ ಎಂಬುದು, ಟ್ರೂಮನ್ ಕೂಡ ಮಿಸೌರಿಯವನು ಎಂಬುದು. ಮೆಕ್ಲೂರ್ ಪತ್ರವನ್ನು ಹಿಡಿದು ವಾಷಿಂಗ್ಟನ್‌ಗೆ ಹೋದ, ವಾನ್ ಅವನನ್ನು ಅಧ್ಯಕ್ಷನ ಬಳಿಗೆ ಕರೆದೊಯ್ದ, ಅಧ್ಯಕ್ಷ ಆ ಪತ್ರದ ಕೆಳಗೆ ತನ್ನ ಕೈಬರಹದಲ್ಲಿ ಎರಡು ಮೂರು ಸಾಲು ಸೇರಿಸಿ, ಇದು ತನ್ನ ರಾಜ್ಯದ ಒಳ್ಳೆಯ ಕಾಲೇಜೆಂದೂ ಚರ್ಚಿಲ್ ಒಪ್ಪಿದರೆ ಸಭೆಗೆ ತಾನೇ ಪರಿಚಯಿಸುವೆನೆಂದೂ ತಿಳಿಸಿದ. ಚರ್ಚಿಲ್‌ನ ಮಟ್ಟಿಗೆ ಆಹ್ವಾನದ ಬೆಲೆಯೆಲ್ಲ ಇದ್ದದ್ದು ಈ ಕೊನೆಯ ಸಾಲುಗಳಲ್ಲಿ. 1945ರ ಜುಲೈ ಚುನಾವಣೆಯಲ್ಲಿ ಸೋತು ಪ್ರಧಾನಿ ಪದವಿ ಕಳೆದುಕೊಂಡು ವಿರೋಧ ಪಕ್ಷದ ನಾಯಕನಾಗಿದ್ದ ಆತ, ಸರಣಿ ಉಪನ್ಯಾಸಗಳಿಗೆ ತನಗೆ ಬಿಡುವಿಲ್ಲವೆಂದು ಹೇಳಿ ಒಂದೇ ಭಾಷಣಕ್ಕೆ ಒಪ್ಪಿಕೊಂಡ. ಅಮೆರಿಕದ ಅಧ್ಯಕ್ಷ ಪಕ್ಕದಲ್ಲಿ ಕುಳಿತಿರುವ ಸಭೆಯಲ್ಲಿ ಮಾತನಾಡುವ ಅವಕಾಶ ಅಧಿಕಾರದಲ್ಲಿದ್ದಾಗಲೂ ಸುಲಭವಾಗಿ ಒದಗುವಂಥದ್ದಾಗಿರಲಿಲ್ಲ.

ಆ ಹೊತ್ತಿನ ಸಂದರ್ಭವನ್ನು ತುಸು ಗಮನಿಸದಿದ್ದರೆ ಭಾಷಣದ ತೂಕ ತಿಳಿಯುವುದಿಲ್ಲ. ಹಿಟ್ಲರನ ವಿರುದ್ಧ ಒಟ್ಟಾಗಿ ಹೋರಾಡಿದ ಅಮೆರಿಕ, ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟಗಳು ಅಧಿಕೃತವಾಗಿ ಇನ್ನೂ ಮಿತ್ರರಾಷ್ಟ್ರಗಳೇ ಆಗಿದ್ದವು, ಲಕ್ಷಾಂತರ ಸೈನಿಕರ ಬಲಿ ಕೊಟ್ಟ ಸೋವಿಯತ್ ಜನರ ಬಗ್ಗೆ ಅಮೆರಿಕದ ಸಾಮಾನ್ಯರಲ್ಲಿ ಗೌರವವೂ ಉಳಿದಿತ್ತು. ಆದರೆ ಒಳಗೊಳಗೇ ಸಂಬಂಧ ಹಳಸುತ್ತಿತ್ತು. 1946ರ ಫೆಬ್ರವರಿ 9ರಂದು ಸ್ಟಾಲಿನ್ ಮಾಸ್ಕೋದಲ್ಲಿ ಮಾಡಿದ ಭಾಷಣದಲ್ಲಿ ಬಂಡವಾಳಶಾಹಿ ವ್ಯವಸ್ಥೆಯೇ ಯುದ್ಧಗಳನ್ನು ಹುಟ್ಟಿಸುತ್ತದೆ ಎಂಬ ಹಳೆಯ ಸಿದ್ಧಾಂತವನ್ನು ಮತ್ತೆ ಎತ್ತಿದ. ಅದೇ ತಿಂಗಳು ಕೆನಡಾದಲ್ಲಿ ಸೋವಿಯತ್ ಗೂಢಚರ್ಯೆಯ ಪ್ರಕರಣ ಬಯಲಿಗೆ ಬಂತು. 22ರಂದು ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಯಿಂದ ಜಾರ್ಜ್ ಕೆನನ್ ಎಂಬ ಅಧಿಕಾರಿ, ಸೋವಿಯತ್ ನಡವಳಿಕೆಯ ಮೂಲವನ್ನು ವಿಶ್ಲೇಷಿಸುವ, ಸಾವಿರಾರು ಪದಗಳ ತಂತಿ ಸಂದೇಶವನ್ನು ವಾಷಿಂಗ್ಟನ್‌ಗೆ ಕಳುಹಿಸಿದ. ಯುದ್ಧಕಾಲದ ಒಪ್ಪಂದದಂತೆ ಮಾರ್ಚ್ 2ರೊಳಗೆ ಇರಾನಿನಿಂದ ಹೊರಡಬೇಕಿದ್ದ ಸೋವಿಯತ್ ಸೇನೆ ಗಡುವು ಮುಗಿದರೂ ಅಲ್ಲೇ ಉಳಿಯಿತು. ಟ್ರೂಮನ್ ಆಡಳಿತಕ್ಕೆ ಕಠಿಣವಾದ ಮಾತನ್ನು ಯಾರಾದರೂ ಆಡಬೇಕಾಗಿತ್ತು, ಆದರೆ ಆ ಮಾತಿಗೆ ತನ್ನ ಜನ ಹೇಗೆ ಪ್ರತಿಕ್ರಿಯಿಸುತ್ತಾರೆ ಎಂಬುದು ಅದಕ್ಕೆ ಗೊತ್ತಿರಲಿಲ್ಲ. ಕಾಲೇಜೊಂದರ ದತ್ತಿ ಉಪನ್ಯಾಸ ಈ ಪರೀಕ್ಷೆಗೆ ಹೇಳಿ ಮಾಡಿಸಿದಂತಿತ್ತು.

ಮಾರ್ಚ್ 4ರಂದು ಅಧ್ಯಕ್ಷನ ವಿಶೇಷ ರೈಲು ವಾಷಿಂಗ್ಟನ್‌ನಿಂದ ಹೊರಟಾಗ ಅದರಲ್ಲಿ ಟ್ರೂಮನ್, ಚರ್ಚಿಲ್, ಅಧಿಕಾರಿಗಳು ಮತ್ತು ಪತ್ರಕರ್ತರ ದೊಡ್ಡ ಗುಂಪಿನವರು ಇದ್ದರು. ರಾತ್ರಿ ಇಸ್ಪೀಟಿನ ಪೋಕರ್ ಆಟದಲ್ಲಿ ಚರ್ಚಿಲ್ ಸೋತನೆಂಬುದನ್ನು ಜೊತೆಗಿದ್ದವರು ಬರೆದಿಟ್ಟಿದ್ದಾರೆ. ಇದಕ್ಕಿಂತ ಮುಖ್ಯವಾದ ಸಂಗತಿ ಬೇರೆ: ಭಾಷಣದ ಪ್ರತಿಯನ್ನು ಟ್ರೂಮನ್ ರೈಲಿನಲ್ಲಿಯೇ ಓದಿ ಮೆಚ್ಚಿಕೊಂಡ, ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬರ್ನ್ಸ್ ಕೂಡ ಅದನ್ನು ಮೊದಲೇ ನೋಡಿದ್ದ. ಮರುದಿನ ಜೆಫರ್ಸನ್ ಸಿಟಿಯಲ್ಲಿ ಇಳಿದು ಕಾರುಗಳಲ್ಲಿ ಫುಲ್ಟನ್ ತಲುಪಿದಾಗ, ಊರಿನ ಜನಸಂಖ್ಯೆಯ ಹಲವು ಪಟ್ಟು ಜನ ಬೀದಿಗಳಲ್ಲಿ ಸೇರಿದ್ದರು. ಮದ್ಯ ಸಿಗದ ಆ ಊರಿನಲ್ಲಿ ಅತಿಥಿಗೆ ಬೇಕಾದ ವಿಸ್ಕಿಯನ್ನು ಒದಗಿಸುವ ಹೊಣೆ ಹಳೆಯ ವಿದ್ಯಾರ್ಥಿ ವಾನ್‌ನ ಮೇಲೆ ಬಿತ್ತೆಂಬುದೂ, ಮೆಕ್ಲೂರ್ ಮನೆಯ ಊಟದಲ್ಲಿ ಬಡಿಸಿದ ಕ್ಯಾಲವೇ ಹಂದಿಮಾಂಸವನ್ನು ಚರ್ಚಿಲ್ ಹೊಗಳಿದನೆಂಬುದೂ ಊರಿನವರು ಇಂದಿಗೂ ಹೇಳಿಕೊಳ್ಳುವ ಮಾತು. ಮೂರು ಸಾವಿರ ಜನರೂ ಹಿಡಿಸದ ಕಾಲೇಜಿನ ಜಿಮ್ನೇಷಿಯಂ, ಅಂದರೆ ಹುಡುಗರು ಬ್ಯಾಸ್ಕೆಟ್‌ಬಾಲ್ ಆಡುವ ಒಳಾಂಗಣವೇ ಸಭಾಭವನವಾಯಿತು. ಒಳಗೆ ಜಾಗ ಸಿಗದವರಿಗೆ ಹೊರಗೆ ಧ್ವನಿವರ್ಧಕಗಳಿದ್ದವು, ದೇಶಕ್ಕೆಲ್ಲ ರೇಡಿಯೋ ಪ್ರಸಾರವಿತ್ತು. ಆಕ್ಸ್‌ಫರ್ಡಿನ ಕೆಂಪು ನಿಲುವಂಗಿ ತೊಟ್ಟು ನಿಂತ ಚರ್ಚಿಲ್, ಬ್ರಿಟಿಷ್ ಸಂಸತ್ತು ಇರುವ ಸ್ಥಳದ ಹೆಸರನ್ನೇ ಹೊತ್ತ ಕಾಲೇಜಿನಲ್ಲಿ ತನ್ನ ರಾಜಕೀಯ ವಿದ್ಯಾಭ್ಯಾಸದ ಬಹುಭಾಗ ನಡೆದದ್ದೂ ವೆಸ್ಟ್‌ಮಿನ್‌ಸ್ಟರ್‌ನಲ್ಲಿಯೇ ಎಂಬರ್ಥದ ತಮಾಷೆಯಿಂದ ಮಾತು ಆರಂಭಿಸಿ, ತನಗೆ ಯಾವ ಅಧಿಕೃತ ಕಾರ್ಯಭಾರವೂ ಇಲ್ಲವೆಂದೂ ತಾನು ತನ್ನ ಪರವಾಗಿ ಮಾತ್ರ ಮಾತನಾಡುವುದಾಗಿಯೂ ಹೇಳಿದ. ಅಧ್ಯಕ್ಷ ಎರಡು ಮಾರು ದೂರದಲ್ಲಿ ಕುಳಿತಿದ್ದಾಗ ಹೇಳಿದ ಈ ಮಾತು ಶಬ್ದಶಃ ನಿಜವಾಗಿತ್ತು, ಮತ್ತು ಸಭೆಯಲ್ಲಿದ್ದ ಯಾರೂ ಅದನ್ನು ಪೂರ್ತಿಯಾಗಿ ನಂಬಲು ಸಾಧ್ಯವಿರಲಿಲ್ಲ.

ಶಾಂತಿಯನ್ನು ಕಾಯುವ ಕಸುವು ಯಾವುದು ಎಂಬ ಅರ್ಥದ ಶೀರ್ಷಿಕೆ ಹೊತ್ತಿದ್ದ ಆ ಭಾಷಣವನ್ನು ಜಗತ್ತು ಒಂದೇ ಒಂದು ಪದಪುಂಜದಿಂದ ನೆನಪಿಟ್ಟುಕೊಂಡಿದೆ. ಬಾಲ್ಟಿಕ್ ಸಮುದ್ರದ ಸ್ಟೆಟಿನ್‌ನಿಂದ ಏಡ್ರಿಯಾಟಿಕ್ ಸಮುದ್ರದ ಟ್ರೀಯೆಸ್ಟ್‌ವರೆಗೆ ಯೂರೋಪ್ ಖಂಡಕ್ಕೆ ಅಡ್ಡಲಾಗಿ ಕಬ್ಬಿಣದ ಪರದೆ ಇಳಿದಿದೆ ಎಂಬ ಆ ರೂಪಕ, ಬೆಂಕಿ ಬಿದ್ದರೆ ರಂಗಸ್ಥಳವನ್ನೂ ಪ್ರೇಕ್ಷಕರನ್ನೂ ಬೇರ್ಪಡಿಸಲು ಯೂರೋಪಿನ ನಾಟಕಶಾಲೆಗಳಲ್ಲಿ ಇಳಿಬಿಡುತ್ತಿದ್ದ ಲೋಹದ ಪರದೆಯಿಂದ ಬಂದದ್ದು. ಚರ್ಚಿಲ್ ಅದನ್ನು 1945ರ ಮೇ ತಿಂಗಳಲ್ಲೇ ಟ್ರೂಮನ್‌ಗೆ ಕಳುಹಿಸಿದ ತಂತಿಯಲ್ಲಿ ಬಳಸಿದ್ದ, ಅವನಿಗಿಂತ ಮೊದಲು ಬೇರೆಯವರೂ ಬಳಸಿದ್ದರು. ಪರದೆಯ ಆಚೆ ಸಿಕ್ಕಿಕೊಂಡ ಪ್ರಾಚೀನ ರಾಜಧಾನಿಗಳೆಂದು ಆತ ವಾರ್ಸಾ, ಬರ್ಲಿನ್, ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್, ಬೆಲ್‌ಗ್ರೇಡ್, ಬುಕಾರೆಸ್ಟ್, ಸೋಫಿಯಾಗಳನ್ನು ಹೆಸರಿಸಿದ. ಇತಿಹಾಸದ ವಿದ್ಯಾರ್ಥಿ ಈ ಪಟ್ಟಿಯ ಮುಂದೆ ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಪ್ರಾಗ್‌ನಲ್ಲಿ ಆಗ ಹಲವು ಪಕ್ಷಗಳ ಸಮ್ಮಿಶ್ರ ಸರ್ಕಾರವಿತ್ತು, ಕಮ್ಯುನಿಸ್ಟರು ಪೂರ್ಣಾಧಿಕಾರ ಕಸಿದದ್ದು 1948ರ ಫೆಬ್ರವರಿಯಲ್ಲಿ. ವಿಯೆನ್ನಾ ನಾಲ್ಕು ರಾಷ್ಟ್ರಗಳ ಜಂಟಿ ಹತೋಟಿಯಲ್ಲಿದ್ದು 1955ರಲ್ಲಿ ತಟಸ್ಥ ಆಸ್ಟ್ರಿಯದ ರಾಜಧಾನಿಯಾಯಿತು. ಬೆಲ್‌ಗ್ರೇಡಿನಿಂದ ಯುಗೊಸ್ಲಾವಿಯವನ್ನು ಆಳುತ್ತಿದ್ದ ಕಮ್ಯುನಿಸ್ಟ್ ನಾಯಕ ಟಿಟೋ 1948ರಲ್ಲಿ ಸ್ಟಾಲಿನ್‌ನ ಗುಂಪಿನಿಂದಲೇ ಹೊರಬಿದ್ದ. ಅಂದರೆ ಅಂದಿನ ವಾಸ್ತವವನ್ನು ಭಾಷಣ ಇದ್ದುದಕ್ಕಿಂತ ಗಟ್ಟಿಯಾದ ಗೆರೆಯಲ್ಲಿ ಬರೆಯಿತು, ಆ ಬಳಿಕ ಎರಡೂ ಕಡೆಯವರು ಆ ಗೆರೆಯನ್ನು ನಿಜಗೊಳಿಸುವ ರೀತಿಯಲ್ಲೇ ನಡೆದುಕೊಂಡರು.

ಕಬ್ಬಿಣದ ಪರದೆಯ ಪ್ರಸ್ತಾಪ ಬರುವುದು ಭಾಷಣದ ಅರ್ಧ ದಾರಿ ಕಳೆದ ಮೇಲೆ, ಮತ್ತು ಅದು ಚರ್ಚಿಲ್‌ನ ಮುಖ್ಯ ವಾದವೂ ಆಗಿರಲಿಲ್ಲ ಎಂಬುದನ್ನು ಪೂರ್ಣ ಪಾಠವನ್ನು ಓದಿದವರು ಮಾತ್ರ ಗಮನಿಸುತ್ತಾರೆ. ಸಾಮಾನ್ಯ ಮನೆಗಳನ್ನು ಕಾಡುವ ಎರಡು ಪಿಡುಗುಗಳೆಂದರೆ ಯುದ್ಧ ಮತ್ತು ದಬ್ಬಾಳಿಕೆ ಎಂದು ಹೇಳಿದ ಆತ, ಮೊದಲನೆಯದಕ್ಕೆ ವಿಶ್ವಸಂಸ್ಥೆಯನ್ನು ಬಲಪಡಿಸುವುದೇ ಮದ್ದೆಂದು ಸೂಚಿಸಿ, ಪ್ರತಿಯೊಂದು ರಾಷ್ಟ್ರವೂ ಕೆಲವು ವಿಮಾನದಳಗಳನ್ನು ಅದರ ಸೇವೆಗೆ ಮೀಸಲಿಡಬೇಕೆಂಬ, ಆ ದಳಗಳು ತಮ್ಮ ದೇಶದ ಸಮವಸ್ತ್ರವನ್ನೇ ತೊಟ್ಟು ಬೇರೆ ಲಾಂಛನ ಧರಿಸಬೇಕೆಂಬ ವಿವರವಾದ ಯೋಜನೆಯನ್ನು ಮುಂದಿಟ್ಟ. ಆದರೆ ಅಣುಬಾಂಬಿನ ರಹಸ್ಯವನ್ನು ಆ ಎಳೆಯ ಸಂಸ್ಥೆಯ ಕೈಗೆ ಒಪ್ಪಿಸುವುದು ತಪ್ಪೆಂದೂ ಎಚ್ಚರಿಸಿದ. ಆತ ನಿಜವಾಗಿ ಮಾರಲು ಬಂದಿದ್ದ ಸರಕು, ಬ್ರಿಟಿಷ್ ಸಾಮ್ರಾಜ್ಯ ಮತ್ತು ಅಮೆರಿಕದ ನಡುವೆ ವಿಶೇಷ ಬಾಂಧವ್ಯ ಏರ್ಪಡಬೇಕೆಂಬ ಸಲಹೆ: ಸೇನಾಧಿಕಾರಿಗಳ ನಿಕಟ ಸಂಪರ್ಕ, ಒಂದೇ ಬಗೆಯ ಶಸ್ತ್ರಾಸ್ತ್ರ, ಜಗತ್ತಿನಾದ್ಯಂತ ಹರಡಿದ ನೌಕಾ ಮತ್ತು ವಿಮಾನ ನೆಲೆಗಳ ಜಂಟಿ ಬಳಕೆ. ಯುದ್ಧದ ಸಾಲದಲ್ಲಿ ಮುಳುಗಿದ್ದ ಬ್ರಿಟನ್‌ಗೆ ಈ ಬಾಂಧವ್ಯ ಎಷ್ಟು ಅಗತ್ಯವಾಗಿತ್ತೆಂಬುದು, ಅಮೆರಿಕದಿಂದ ಅದು ಕೇಳಿದ್ದ ದೊಡ್ಡ ಸಾಲದ ಪ್ರಸ್ತಾವ ಅದೇ ವೇಳೆ ಅಲ್ಲಿನ ಸಂಸತ್ತಿನ ಮುಂದಿತ್ತೆಂಬುದನ್ನು ನೆನೆದರೆ ತಿಳಿಯುತ್ತದೆ. ಸೋವಿಯತ್ ರಷ್ಯಾ ಯುದ್ಧವನ್ನು ಬಯಸುತ್ತದೆಂದು ತಾನು ನಂಬುವುದಿಲ್ಲ, ಅದಕ್ಕೆ ಬೇಕಾದದ್ದು ಯುದ್ಧದ ಫಲಗಳು ಮಾತ್ರ ಎಂದೂ, ರಷ್ಯನ್ನರು ಮೆಚ್ಚುವುದು ಬಲವನ್ನು, ಕಡೆಗಣಿಸುವುದು ಸೈನಿಕ ದೌರ್ಬಲ್ಯವನ್ನು ಎಂದೂ ಚರ್ಚಿಲ್ ಹೇಳಿದ. ಮಾತುಕತೆಯ ಬಾಗಿಲನ್ನು ಆತ ಮುಚ್ಚಿರಲಿಲ್ಲ.

ಪ್ರತಿಕ್ರಿಯೆ ಬಂದ ಬಗೆಯಲ್ಲಿ ಕಾಲೇಜು ವೇದಿಕೆಯ ಉಪಯೋಗ ತನ್ನ ಪೂರ್ಣ ರೂಪದಲ್ಲಿ ಕಾಣಿಸುತ್ತದೆ. ಅಮೆರಿಕದ ಹಲವು ಪತ್ರಿಕೆಗಳು ಮತ್ತು ಕೆಲವು ಸೆನೆಟರುಗಳು, ಬ್ರಿಟಿಷ್ ಸಾಮ್ರಾಜ್ಯವನ್ನು ಉಳಿಸಲು ಅಮೆರಿಕವನ್ನು ಇನ್ನೊಂದು ಯುದ್ಧಕ್ಕೆ ಎಳೆಯುವ ಹುನ್ನಾರವೆಂದು ಭಾಷಣವನ್ನು ಟೀಕಿಸಿದಾಗ, ವೇದಿಕೆಯ ಮೇಲೆ ಕುಳಿತು ಚಪ್ಪಾಳೆ ತಟ್ಟಿದ್ದ ಟ್ರೂಮನ್ ಪತ್ರಕರ್ತರ ಮುಂದೆ, ಚರ್ಚಿಲ್ ಏನು ಹೇಳಲಿದ್ದಾನೆಂಬುದು ತನಗೆ ಮೊದಲೇ ತಿಳಿದಿರಲಿಲ್ಲವೆಂದು ಹೇಳಿಬಿಟ್ಟ. ನ್ಯೂಯಾರ್ಕಿನಲ್ಲಿ ಚರ್ಚಿಲ್‌ಗೆ ಏರ್ಪಟ್ಟಿದ್ದ ಸತ್ಕಾರಕ್ಕೆ ಹೋಗಬೇಕಿದ್ದ ಉಪ ವಿದೇಶಾಂಗ ಕಾರ್ಯದರ್ಶಿ ಡೀನ್ ಅಚೆಸನ್ ಹೋಗದೆ ಉಳಿದ. ಲಂಡನ್ನಿನಲ್ಲಿ ಪ್ರಧಾನಿ ಕ್ಲೆಮೆಂಟ್ ಆಟ್ಲಿ, ಖಾಸಗಿ ವ್ಯಕ್ತಿಯೊಬ್ಬ ಪರದೇಶದಲ್ಲಿ ಮಾಡಿದ ಭಾಷಣದ ಬಗ್ಗೆ ಅಭಿಪ್ರಾಯ ಹೇಳುವುದು ಸರ್ಕಾರದ ಕೆಲಸವಲ್ಲವೆಂದು ಸದನಕ್ಕೆ ತಿಳಿಸಿದ. ಮಾರ್ಚ್ 14ರಂದು ಸೋವಿಯತ್ ಕಮ್ಯುನಿಸ್ಟ್ ಪಕ್ಷದ ಪತ್ರಿಕೆ ಪ್ರಾವ್ದಾದಲ್ಲಿ ಪ್ರಕಟವಾದ ಸಂದರ್ಶನದಲ್ಲಿ ಸ್ಟಾಲಿನ್, ಇಂಗ್ಲಿಷ್ ಮಾತನಾಡುವ ಜನರೇ ಜಗತ್ತನ್ನು ಆಳಬೇಕೆಂಬ ಜನಾಂಗವಾದ ಇದೆಂದು ಆರೋಪಿಸಿ ಚರ್ಚಿಲ್‌ನನ್ನು ಹಿಟ್ಲರನಿಗೆ ಹೋಲಿಸಿದ. ಟ್ರೂಮನ್ ಸ್ಟಾಲಿನ್‌ಗೂ ಆಹ್ವಾನ ಕಳುಹಿಸಿ, ಮಿಸೌರಿ ವಿಶ್ವವಿದ್ಯಾಲಯಕ್ಕೆ ಬಂದು ಇದೇ ರೀತಿ ತನ್ನ ಮಾತನ್ನು ಹೇಳಬಹುದೆಂದೂ ತಾನೇ ಪರಿಚಯಿಸುವುದಾಗಿಯೂ ತಿಳಿಸಿದ, ಸ್ಟಾಲಿನ್ ಒಪ್ಪಲಿಲ್ಲ. ಇಷ್ಟಾದರೂ ಹೇಳಬೇಕಾದ ಮಾತು ಹೇಳಿ ಆಗಿತ್ತು: ಒಂದು ವರ್ಷ ಕಳೆದು 1947ರ ಮಾರ್ಚ್ 12ರಂದು ಗ್ರೀಸ್ ಮತ್ತು ಟರ್ಕಿಗಳಿಗೆ ನೆರವು ಕೋರಿ ಟ್ರೂಮನ್ ತಾನೇ ಅಮೆರಿಕದ ಸಂಸತ್ತಿನ ಮುಂದೆ ನಿಂತಾಗ, ಅತಿಥಿಯ ಮಾತಿನ ಹುರುಳು ಆತಿಥೇಯನ ನೀತಿಯಾಯಿತು.

ಭಾರತೀಯರ ಮಟ್ಟಿಗೆ ಈ ಭಾಷಣಕ್ಕೆ ಇನ್ನೊಂದು ಮುಖವಿದೆ. ಚುನಾವಣೆಯ ಹಕ್ಕು, ವಾಕ್ ಸ್ವಾತಂತ್ರ್ಯ, ಸ್ವತಂತ್ರ ನ್ಯಾಯಾಲಯಗಳು ಎಲ್ಲ ದೇಶಗಳ ಮನೆಮನೆಗೂ ತಲುಪಬೇಕೆಂದು ಫುಲ್ಟನ್‌ನಲ್ಲಿ ಸಾರಿದವನು, ಭಾರತದ ಸ್ವಾತಂತ್ರ್ಯವನ್ನು ಉದ್ದಕ್ಕೂ ವಿರೋಧಿಸುತ್ತ ಬಂದವನೇ ಆಗಿದ್ದ. ಆ ಭಾಷಣಕ್ಕೆ ಎರಡು ವಾರ ಮುಂಚೆಯಷ್ಟೇ, ಫೆಬ್ರವರಿ 18ರಂದು ಮುಂಬಯಿಯಲ್ಲಿ ನೌಕಾಪಡೆಯ ನಾವಿಕರು ಬಂಡಾಯವೆದ್ದಿದ್ದರು; ಮರುದಿನ ಆಟ್ಲಿ ಸರ್ಕಾರ ಭಾರತಕ್ಕೆ ಸಚಿವರ ನಿಯೋಗವನ್ನು ಕಳುಹಿಸುವುದಾಗಿ ಘೋಷಿಸಿತ್ತು. ಅಮೆರಿಕದೊಂದಿಗೆ ಹಂಚಿಕೊಳ್ಳಲು ಚರ್ಚಿಲ್ ಮುಂದೊಡ್ಡಿದ ನೆಲೆಗಳ ಹಿಂದಿದ್ದ ಸಾಮ್ರಾಜ್ಯ ಆಗಲೇ ಕೈಜಾರುತ್ತಿತ್ತು. ಜವಾಹರಲಾಲ್ ನೆಹರೂ ಮಧ್ಯಂತರ ಸರ್ಕಾರದ ಹೊಣೆ ಹೊತ್ತು ಸೆಪ್ಟೆಂಬರ್ 7ರಂದು ಮಾಡಿದ ಬಾನುಲಿ ಭಾಷಣದಲ್ಲಿ, ಪರಸ್ಪರ ಎದುರಾಗಿ ನಿಂತ ಬಣಗಳ ಅಧಿಕಾರ ರಾಜಕಾರಣದಿಂದ ಭಾರತ ದೂರವಿರಲು ಯತ್ನಿಸುವುದೆಂದು ಹೇಳಿದ್ದು, ಮುಂದೆ ಅಲಿಪ್ತ ನೀತಿಯೆಂದು ಹೆಸರಾದ ನಿಲುವಿನ ಮೊದಲ ರೂಪ; ಫುಲ್ಟನ್ ಮತ್ತು ಪ್ರಾವ್ದಾಗಳ ನಡುವಿನ ವಾಗ್ವಾದಕ್ಕೆ ಹೊಸ ರಾಷ್ಟ್ರವೊಂದು ಕೊಟ್ಟ ಉತ್ತರವೆಂದೂ ಅದನ್ನು ಓದಬಹುದು. ಆ ನಿಲುವನ್ನು ಕಾಪಾಡಿಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಮೊದಲು ಅನುಭವಿಸಿದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಒಬ್ಬರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನ ಸರದಿಯಂತೆ ಭಾರತಕ್ಕೆ ಬಂದಿದ್ದು, ಆ ಪೀಠದಲ್ಲಿ ಕುಳಿತಿದ್ದವರು ಅವರೇ. ಉತ್ತರ ಕೊರಿಯಾದ ಆಕ್ರಮಣವನ್ನು ಭಾರತ ಖಂಡಿಸಿತು, ಆದರೆ ಯುದ್ಧಕ್ಕೆ ಸೈನಿಕರನ್ನು ಕಳುಹಿಸದೆ ವೈದ್ಯಕೀಯ ದಳವನ್ನು ಮಾತ್ರ ಕಳುಹಿಸಿತು.

ಫುಲ್ಟನ್ ಒಂಟಿ ನಿದರ್ಶನವಲ್ಲ. ಅದೇ ವರ್ಷದ ಸೆಪ್ಟೆಂಬರ್ 19ರಂದು ಚರ್ಚಿಲ್ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ಮಾತನಾಡುತ್ತ, ಯೂರೋಪಿನ ಏಕೀಕರಣ ಫ್ರಾನ್ಸ್ ಮತ್ತು ಜರ್ಮನಿಗಳ ಸಹಭಾಗಿತ್ವದಿಂದ ಆರಂಭವಾಗಬೇಕೆಂದು ಹೇಳಿದಾಗ, ಯುದ್ಧದ ಗಾಯ ಆರದಿದ್ದ ಆ ದಿನಗಳಲ್ಲಿ ಅಧಿಕಾರದಲ್ಲಿದ್ದ ಯಾವ ಪ್ರಧಾನಿಗೂ ಅದನ್ನು ಅಷ್ಟು ನೇರವಾಗಿ ಹೇಳಲು ಆಗುತ್ತಿರಲಿಲ್ಲ. 1947ರ ಜೂನ್ 5ರಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಘಟಿಕೋತ್ಸವಕ್ಕೆ ಗೌರವ ಪದವಿ ಸ್ವೀಕರಿಸಲು ಬಂದ ವಿದೇಶಾಂಗ ಕಾರ್ಯದರ್ಶಿ ಜಾರ್ಜ್ ಮಾರ್ಷಲ್‌ನ ಪ್ರಕರಣ ಇನ್ನೂ ಕುತೂಹಲಕರ. ಕಾಲು ಗಂಟೆಯೂ ಹಿಡಿಯದ, ಏರಿಳಿತವಿಲ್ಲದ ದನಿಯಲ್ಲಿ ಓದಿದ ಆ ಭಾಷಣದಲ್ಲಿ ಹಣದ ಮೊತ್ತವಿರಲಿಲ್ಲ, ಯೋಜನೆಯ ಹೆಸರೂ ಇರಲಿಲ್ಲ. ಯೂರೋಪಿನ ದೇಶಗಳು ತಮ್ಮ ಪುನರುಜ್ಜೀವನದ ಕಾರ್ಯಕ್ರಮವನ್ನು ತಾವೇ ಒಟ್ಟಾಗಿ ರೂಪಿಸಿದರೆ ಅಮೆರಿಕ ನೆರವಾಗುವುದೆಂಬ ಸೂಚನೆ ಮಾತ್ರ ಇತ್ತು. ಖರ್ಚಿನ ಮಾತೆತ್ತಿದರೆ ಸಂಸತ್ತು ಸಿಡಿದೇಳಬಹುದೆಂಬ ಅಂಜಿಕೆಯಿಂದ ಸ್ವದೇಶದಲ್ಲಿ ಹೆಚ್ಚು ಪ್ರಚಾರ ಕೊಡದೆ, ಅಚೆಸನ್ ಮೊದಲೇ ಬ್ರಿಟಿಷ್ ವರದಿಗಾರರನ್ನು ಊಟಕ್ಕೆ ಕರೆದು ಭಾಷಣದ ಮಹತ್ವವನ್ನು ಅವರ ಕಿವಿಗೆ ಹಾಕಿದ್ದ. ಬಿಬಿಸಿ ರೇಡಿಯೋದಲ್ಲಿ ಸುದ್ದಿ ಕೇಳಿದ ಬ್ರಿಟಿಷ್ ವಿದೇಶಾಂಗ ಮಂತ್ರಿ ಅರ್ನೆಸ್ಟ್ ಬೆವಿನ್ ವಿಳಂಬ ಮಾಡದೆ ಫ್ರಾನ್ಸನ್ನು ಕೂಡಿಕೊಂಡು ಕಾರ್ಯಪ್ರವೃತ್ತನಾದ. 1948ರಿಂದ 1952ರವರೆಗೆ ಸುಮಾರು 1,300 ಕೋಟಿ ಡಾಲರ್ ಹರಿದುಬಂದ ಮಾರ್ಷಲ್ ಯೋಜನೆ ಹುಟ್ಟಿದ್ದು ಹೀಗೆ. 1963ರ ಜೂನ್ 10ರಂದು ವಾಷಿಂಗ್ಟನ್‌ನ ಅಮೆರಿಕನ್ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಅಧ್ಯಕ್ಷ ಜಾನ್ ಕೆನಡಿ ಶಾಂತಿಯ ಕುರಿತು ಮಾಡಿದ ಭಾಷಣವನ್ನು ಸೋವಿಯತ್ ಪತ್ರಿಕೆಗಳು ಪ್ರಕಟಿಸಿದವು, ಎರಡೇ ತಿಂಗಳೊಳಗೆ, ಆಗಸ್ಟ್ 5ರಂದು, ವಾತಾವರಣದಲ್ಲಿ ಅಣ್ವಸ್ತ್ರ ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದಕ್ಕೆ ಮಾಸ್ಕೋದಲ್ಲಿ ಸಹಿ ಬಿತ್ತು. ಅಧಿಕಾರದಲ್ಲಿದ್ದ ಅಧ್ಯಕ್ಷನಿಗೆ ನುಣುಚಿಕೊಳ್ಳುವ ದಾರಿ ಬೇಕಿರಲಿಲ್ಲ, ಎದುರಾಳಿಯೊಡನೆ ದನಿ ತಗ್ಗಿಸಿ ಮಾತನಾಡಬಲ್ಲ ಜಾಗವೊಂದು ಬೇಕಿತ್ತು.

ಫುಲ್ಟನ್ ಕಾಲೇಜು ತನಗೆ ಒದಗಿದ ಒಂದು ಮಧ್ಯಾಹ್ನದ ಕೀರ್ತಿಯನ್ನು ದಶಕಗಳ ಕಾಲ ಕಾಪಿಟ್ಟು ಬೆಳೆಸಿದ ರೀತಿ ಸಂಸ್ಥೆಗಳ ಜಾಣ್ಮೆಗೆ ಒಳ್ಳೆಯ ಉದಾಹರಣೆ. ಲಂಡನ್ನಿನ ಆಲ್ಡರ್‌ಮನ್‌ಬರಿಯಲ್ಲಿದ್ದ, 1666ರ ಮಹಾ ಅಗ್ನಿದುರಂತದ ನಂತರ ವಾಸ್ತುಶಿಲ್ಪಿ ಕ್ರಿಸ್ಟಫರ್ ರೆನ್ ಮತ್ತೆ ಕಟ್ಟಿಸಿದ, ಕವಿ ಮಿಲ್ಟನ್‌ನ ಎರಡನೆಯ ಮದುವೆಯ ದಾಖಲೆಯಿರುವ ಸೇಂಟ್ ಮೇರಿ ಚರ್ಚು 1940ರ ಡಿಸೆಂಬರಿನ ಜರ್ಮನ್ ಬಾಂಬ್ ದಾಳಿಯಲ್ಲಿ ಸುಟ್ಟು ಗೋಡೆಗಳಷ್ಟೇ ಉಳಿದಿದ್ದವು. ಅದನ್ನು ಕೆಡವುವ ಆಲೋಚನೆ ನಡೆದಿದ್ದಾಗ ಕಾಲೇಜು ಮುಂದೆ ಬಂದು, ಸುಮಾರು 7,000 ಕಲ್ಲುಗಳಿಗೆ ಒಂದೊಂದಕ್ಕೂ ಗುರುತು ಹಾಕಿಸಿ ಹಡಗಿನಲ್ಲಿ ಸಾಗಿಸಿ, ಫುಲ್ಟನ್‌ನಲ್ಲಿ ಮತ್ತೆ ಜೋಡಿಸಿ 1969ರ ಮೇ ತಿಂಗಳಲ್ಲಿ ಚರ್ಚಿಲ್ ಸ್ಮಾರಕವಾಗಿ ಲೋಕಾರ್ಪಣೆ ಮಾಡಿತು. ನೆಲಮಾಳಿಗೆಯ ವಸ್ತುಸಂಗ್ರಹಾಲಯಕ್ಕೆ ಅಮೆರಿಕದ ಸಂಸತ್ತು 2009ರಲ್ಲಿ ರಾಷ್ಟ್ರೀಯ ಮಾನ್ಯತೆ ಕೊಟ್ಟಿತು. ಬರ್ಲಿನ್ ಗೋಡೆ ಬಿದ್ದ ಮೇಲೆ ಚರ್ಚಿಲ್‌ನ ಮೊಮ್ಮಗಳಾದ ಶಿಲ್ಪಿ ಎಡ್ವಿನಾ ಸ್ಯಾಂಡಿಸ್, ಆ ಗೋಡೆಯ ಎಂಟು ತುಂಡುಗಳಲ್ಲಿ ಗಂಡು ಮತ್ತು ಹೆಣ್ಣಿನ ಆಕೃತಿಗಳನ್ನು ಕೊರೆದು ತೆಗೆದು, ಮನುಷ್ಯ ನಡೆದುಹೋಗಬಲ್ಲ ತೆರಪುಗಳುಳ್ಳ ಶಿಲ್ಪವನ್ನು ಅಲ್ಲಿ ನಿಲ್ಲಿಸಿದರು. 1990ರ ನವೆಂಬರ್ 9ರಂದು ಅದನ್ನು ಅರ್ಪಿಸಿದವನು ಅಮೆರಿಕದ ಮಾಜಿ ಅಧ್ಯಕ್ಷ ರೊನಾಲ್ಡ್ ರೇಗನ್.

1992ರ ಮೇ 6ರಂದು ಅದೇ ಆವರಣದಲ್ಲಿ ಮಿಖಾಯಿಲ್ ಗೊರ್ಬಚೆವ್ ಮಾತನಾಡಿದ್ದು ಈ ಪರಂಪರೆಯಲ್ಲಿ ಚರ್ಚಿಲ್ ಭಾಷಣಕ್ಕೆ ಸರಿಸಾಟಿಯಾಗಿ ನಿಲ್ಲಬಲ್ಲ ಏಕೈಕ ಸಂದರ್ಭ. ಹಿಂದಿನ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಗಿ ಅಧಿಕಾರ ತ್ಯಜಿಸಿದ್ದ ಆತನೂ ಚರ್ಚಿಲ್‌ನಂತೆ ಅಧಿಕಾರವಿಲ್ಲದ ಅತಿಥಿಯೇ. ಶೀತಲ ಸಮರದ ಹೊಣೆಯನ್ನು ಆತ ಒಂದೇ ಕಡೆಗೆ ಹೊರಿಸಲಿಲ್ಲ: ಯುದ್ಧಾನಂತರದ ಸ್ಟಾಲಿನ್‌ನ ನೀತಿ ತಪ್ಪೆಂದು ಒಪ್ಪಿಕೊಳ್ಳುತ್ತಲೇ, ಯುದ್ಧದಿಂದ ಜರ್ಜರಿತವಾಗಿದ್ದ ದೇಶ ದಾಳಿ ಮಾಡುತ್ತದೆಂದು ಲೆಕ್ಕ ಹಾಕಿದ ಪಶ್ಚಿಮವೂ ತಪ್ಪಿತೆಂದು ಹೇಳಿ, ವಿಶ್ವಸಂಸ್ಥೆಯನ್ನು ಬಲಪಡಿಸುವ, ಭಾರತವೂ ಸೇರಿದಂತೆ ಇನ್ನಷ್ಟು ದೇಶಗಳಿಗೆ ಭದ್ರತಾ ಮಂಡಳಿಯಲ್ಲಿ ಕಾಯಂ ಸ್ಥಾನ ನೀಡುವ ವಿಚಾರವನ್ನು ಪ್ರಸ್ತಾಪಿಸಿದ. ಈ ಭಾಷಣದಿಂದ ಯಾವ ನೀತಿಯೂ ಬದಲಾಗಲಿಲ್ಲ ಎಂಬುದನ್ನು ಹೇಳಲೇಬೇಕು. ಚರ್ಚಿಲ್‌ನ ಬೆನ್ನಿಗೆ ಟ್ರೂಮನ್ ಇದ್ದ. ಗೊರ್ಬಚೆವ್‌ನ ಬೆನ್ನಿಗೆ ಸ್ವಂತ ದೇಶವೂ ಉಳಿದಿರಲಿಲ್ಲ. ವೇದಿಕೆ ಮಾತಿಗೆ ಸ್ವಾತಂತ್ರ್ಯ ಕೊಡಬಲ್ಲುದು, ಬಲವನ್ನು ಮಾತನಾಡುವವನು ಬೇರೆ ಕಡೆಯಿಂದ ತರಬೇಕು.

ಇಂಥ ಉಪನ್ಯಾಸಗಳ ದೊಡ್ಡ ಕೊರತೆಯೆಂದರೆ ಅವು ಒಮ್ಮುಖವಾದವು ಎಂಬುದು. 1946ರಲ್ಲಿ ಫುಲ್ಟನ್‌ನ ಹುಡುಗರು ಚರ್ಚಿಲ್‌ನನ್ನು ಭಾರತದ ಬಗ್ಗೆಯಾಗಲಿ ಪ್ರಾಗ್‌ನ ಬಗ್ಗೆಯಾಗಲಿ ಪ್ರಶ್ನಿಸುವ ಏರ್ಪಾಡು ಅಲ್ಲಿರಲಿಲ್ಲ. ಕಾಲೇಜು ಎಂಬ ಹೆಸರಿನಿಂದ ವಿದ್ವತ್ತಿನ ಗಾಂಭೀರ್ಯ ಪಡೆದುಕೊಂಡ ಭಾಷಣ, ವಿದ್ವತ್ತಿನ ಮೊದಲ ಲಕ್ಷಣವಾದ ಮರುಪ್ರಶ್ನೆಗೆ ಒಳಗಾಗದೆಯೇ ಹೊರಬಿತ್ತು. ಈ ಅಪಾಯ ಕಾಲೇಜಿನ ಅನುಭವಕ್ಕೆ ಬಂದದ್ದು 2004ರ ಏಪ್ರಿಲ್‌ನಲ್ಲಿ. ವಿದೇಶಾಂಗ ನೀತಿಯ ಬಗ್ಗೆ ಮಾತನಾಡುವನೆಂದು ನಿರೀಕ್ಷಿಸಿದ್ದ ಉಪಾಧ್ಯಕ್ಷ ಡಿಕ್ ಚೆನಿ, ಭಾಷಣದ ದೊಡ್ಡ ಭಾಗವನ್ನು ಅಧ್ಯಕ್ಷ ಚುನಾವಣೆಯ ಪ್ರತಿಸ್ಪರ್ಧಿ ಜಾನ್ ಕೆರಿಯ ಟೀಕೆಗೆ ಬಳಸಿಕೊಂಡಾಗ, ಕಾಲೇಜಿನ ಮುಖ್ಯಸ್ಥ ತನ್ನ ನಿರಾಶೆಯನ್ನು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಲಿಖಿತವಾಗಿ ತಿಳಿಸಿ ಕೆರಿಗೂ ಆಹ್ವಾನ ಕಳುಹಿಸಿದ. ಕೆಲವೇ ದಿನಗಳಲ್ಲಿ ಕೆರಿ ಬಂದು ಮಾತನಾಡಿದ. ಟ್ರೂಮನ್ ಸ್ಟಾಲಿನ್‌ಗೆ ಕಳುಹಿಸಿದ ಆಹ್ವಾನವನ್ನು ಹೋಲುವ ಈ ಕ್ರಮದಲ್ಲಿ, ಒಂದೇ ವ್ಯತ್ಯಾಸವೆಂದರೆ ಈ ಸಲ ಕರೆ ಹೋದವನು ಬಂದ.

2017ರ ಸೆಪ್ಟೆಂಬರ್ 21ರಂದು ಗ್ರೀನ್ ದತ್ತಿ ಉಪನ್ಯಾಸ ನೀಡಿದ ಸೆನೆಟರ್ ಬರ್ನಿ ಸ್ಯಾಂಡರ್ಸ್, ಚರ್ಚಿಲ್ ನಿಂತ ಊರಿನಲ್ಲಿಯೇ ನಿಂತು, 1953ರಲ್ಲಿ ಇರಾನಿನ ಚುನಾಯಿತ ಸರ್ಕಾರವನ್ನು ಉರುಳಿಸಿದ್ದೂ ಸೇರಿದಂತೆ ಶೀತಲ ಸಮರದ ಹೆಸರಿನಲ್ಲಿ ಅಮೆರಿಕ ಮಾಡಿದ ಹಸ್ತಕ್ಷೇಪಗಳನ್ನು ವಿಮರ್ಶಿಸಿ, ಹವಾಮಾನ ಬದಲಾವಣೆ ಮತ್ತು ಸಂಪತ್ತಿನ ಅಸಮಾನತೆಗಳೂ ವಿದೇಶಾಂಗ ನೀತಿಯ ವಿಷಯಗಳೇ ಎಂದು ವಾದಿಸಿದ. ಅಂತರರಾಷ್ಟ್ರೀಯ ಮಹತ್ವವುಳ್ಳ ಆರ್ಥಿಕ, ಸಾಮಾಜಿಕ ಸಮಸ್ಯೆಗಳೆಂದು 1936ರ ನಿಬಂಧನೆಯಲ್ಲಿ ಬರೆದದ್ದಕ್ಕೆ, ಸೇನಾ ನೆಲೆಗಳ ಲೆಕ್ಕ ಒಪ್ಪಿಸಿದ ಚರ್ಚಿಲ್‌ಗಿಂತ ಈ ಸೆನೆಟರನ ಉಪನ್ಯಾಸವೇ ಹತ್ತಿರವಾಗಿತ್ತೆನ್ನಬೇಕು. ಅದನ್ನು ಪತ್ರಿಕೆಗಳು ಒಂದು ದಿನ ವರದಿ ಮಾಡಿ ಬಿಟ್ಟವು.